ಪುಟದ ಕೊನೆಯ ಒಂದು ಸಾಲು

2006ರ ಜನವರಿಯಲ್ಲಿ ಗೂಗಲ್ ಸಂಸ್ಥೆ ಚೀನಾಕ್ಕೆಂದೇ ತೆರೆದ ಗೂಗಲ್ ಡಾಟ್ ಸಿಎನ್ ತಾಣದಲ್ಲಿ ಕೆಲವು ಪದಗಳನ್ನು ಹುಡುಕಿದರೆ, ಫಲಿತಾಂಶಗಳೆಲ್ಲ ಮುಗಿದ ಮೇಲೆ, ಪುಟದ ತೀರ ಕೆಳಗೆ, ಚೀನೀ ಭಾಷೆಯ ಒಂದು ಸಾಲು ಕಾಣಿಸುತ್ತಿತ್ತು. ಸ್ಥಳೀಯ ಕಾನೂನು, ನಿಯಮ ಮತ್ತು ನೀತಿಗಳಿಗೆ ಅನುಸಾರವಾಗಿ ಕೆಲವು ಫಲಿತಾಂಶಗಳನ್ನು ತೋರಿಸಲಾಗಿಲ್ಲ ಎಂಬುದು ಅದರ ಅರ್ಥ. ಏನನ್ನು ತೋರಿಸಿಲ್ಲ, ಎಷ್ಟನ್ನು ತೋರಿಸಿಲ್ಲ, ಯಾರ ಮಾತಿಗೆ ತೋರಿಸಿಲ್ಲ ಎಂಬುದೊಂದೂ ಅದರಲ್ಲಿ ಇರಲಿಲ್ಲ. ಆದರೂ ಸರ್ಕಾರದ ಸೆನ್ಸಾರಿಗೆ ಸರ್ಚ್ ಎಂಜಿನ್‌ಗಳು ತಲೆಬಾಗುವುದು ಸರಿಯೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ನನ್ನ ಮನಸ್ಸು ಮೊದಲು ಹೋಗುವುದು ಆ ಸಾಲಿನ ಕಡೆಗೆ. ಅದನ್ನು ಅಲ್ಲಿ ಬರೆಯುವುದಕ್ಕೆ ಒಂದಿಷ್ಟು ನಾಚಿಕೆಯಾದರೂ ಉಳಿದಿರಬೇಕು ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಇದಕ್ಕೆ ಕಾರಣ ಹಳೆಯದು. ನಾನು ಪಿಯುಸಿ ಓದುತ್ತಿದ್ದಾಗ ನಮ್ಮ ಊರಿನ ಗ್ರಂಥಾಲಯದಲ್ಲಿ ಕಾರ್ಡುಗಳ ಮರದ ಕಪಾಟೊಂದು ಇತ್ತು. ಸಣ್ಣ ಸಣ್ಣ ಖಾನೆಗಳು, ಪ್ರತಿ ಖಾನೆಗೊಂದು ಹಿತ್ತಾಳೆಯ ಹಿಡಿ, ಒಳಗಿನ ಕಾರ್ಡುಗಳು ಚದುರದಂತೆ ಅವುಗಳ ತೂತಿನಲ್ಲಿ ಹಾಯಿಸಿದ ಒಂದು ಸರಳು. ಆ ವರ್ಷ ಒಂದು ಕಾದಂಬರಿಯ ಬಗ್ಗೆ ಊರಿನಲ್ಲಿ ಗಲಾಟೆ ನಡೆದಿತ್ತು. ಗಲಾಟೆಯಾದ ಪುಸ್ತಕವನ್ನು ಓದಲೇಬೇಕೆಂಬ ವಯಸ್ಸು ನನ್ನದು. ಕಾರ್ಡಿನ ಮೇಲಿದ್ದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಟ್ಟಾಗ ಗ್ರಂಥಪಾಲಕರು ಅದನ್ನು ನೋಡಿ, "ಹೊರಗೆ ಹೋಗಿದೆ, ಹದಿನೈದು ದಿನ ಬಿಟ್ಟು ಬಾ" ಎಂದರು. ಹದಿನೈದು ದಿನದ ಮೇಲೂ ಅದೇ ಮಾತು. ಪುಸ್ತಕ ಹೊರಗೆಲ್ಲೂ ಹೋಗದೆ ಅವರ ಕುರ್ಚಿಯ ಹಿಂದಿನ ಬೀರುವಿನಲ್ಲೇ ಬೀಗ ಹಾಕಿಸಿಕೊಂಡು ಕುಳಿತಿದೆ ಎಂದು ಅಟೆಂಡರ್ ಆಮೇಲೆ ಹೇಳಿದರು. ಮೂರನೆಯ ಸಲ ಹೋದಾಗ ಖಾನೆಯಲ್ಲಿ ಕಾರ್ಡೇ ಇರಲಿಲ್ಲ. ಸರಳನ್ನು ಬಿಚ್ಚಿ, ಅದೊಂದನ್ನು ತೆಗೆದು, ಮತ್ತೆ ಸರಳನ್ನು ಹಾಯಿಸಿದ್ದರು. ಮೊದಲೆರಡು ಸಲ ನನಗೆ ಸಿಟ್ಟು ಬಂದಿತ್ತು. ಆ ದಿನ ಬಂದದ್ದು ಸಿಟ್ಟಲ್ಲ, ಏನೋ ಒಂದು ಬಗೆಯ ದಿಗಿಲು. ನನಗಾದರೆ ಪುಸ್ತಕ ಇದೆಯೆಂದು ಗೊತ್ತಿತ್ತು, ಕೇಳುತ್ತಿದ್ದೆ. ನನ್ನ ನಂತರ ಬರುವವನಿಗೆ ಕೇಳಬೇಕೆಂಬುದೇ ಹೊಳೆಯುವುದಿಲ್ಲವಲ್ಲ.

ಮೇಲಿನಿಂದ ಲಿಖಿತ ಆದೇಶವೇನಾದರೂ ಬಂದಿತ್ತೇ ಎಂದು ಅಟೆಂಡರ್ ಅವರನ್ನು ಕೇಳಿದೆ. ಅಂಥದ್ದೇನೂ ಬಂದಿರಲಿಲ್ಲ. ಯಾರೋ ಇಬ್ಬರು ಬಂದು, ಗ್ರಂಥಪಾಲಕರ ಎದುರು ಕುಳಿತು, ಚಹಾ ಕುಡಿದು ಹೋಗಿದ್ದರಂತೆ, ಅಷ್ಟೇ. ಉಳಿದದ್ದನ್ನೆಲ್ಲ ಅವರು ತಾವೇ ಊಹಿಸಿಕೊಂಡಿದ್ದರು.

ಚೀನಾದಲ್ಲಿ ಗೂಗಲ್ ಮಾಡಿದ ಕೆಲಸದ ವಿವರ ಓದಿದಾಗ ನನಗೆ ನೆನಪಾದದ್ದು ಆ ಚಹಾ. ನಿಷೇಧಿಸಬೇಕಾದ ತಾಣಗಳ ಪಟ್ಟಿಯನ್ನು ಚೀನಾ ಸರ್ಕಾರ ಸಂಸ್ಥೆಗೆ ಬರೆದು ಕೊಟ್ಟಿರಲಿಲ್ಲ. ಎಂಜಿನಿಯರುಗಳು ಆ ದೇಶದೊಳಗೆ ಒಂದು ಕಂಪ್ಯೂಟರನ್ನು ಇಟ್ಟು, ಅದರಿಂದ ಹೊರದೇಶದ ತಾಣಗಳನ್ನು ಒಂದೊಂದಾಗಿ ತೆರೆಯಲು ಯತ್ನಿಸಿ, ಸರ್ಕಾರ ಅಂತರಜಾಲಕ್ಕೆ ಹಾಕಿದ ಬೇಲಿಗೆ ಬಡಿದು ತೆರೆಯದೆ ಹೋದವುಗಳನ್ನೆಲ್ಲ ತಮ್ಮ ಕಪ್ಪುಪಟ್ಟಿಗೆ ಸೇರಿಸುತ್ತ ಹೋದರು. ಅಂದರೆ ಆಳುವವರ ಮನಸ್ಸಿನಲ್ಲಿ ಏನಿದೆಯೆಂದು ತಡವಿ ನೋಡಿ ತಿಳಿದುಕೊಂಡು, ಅದಕ್ಕೆ ತಕ್ಕಂತೆ ಸಂಸ್ಥೆ ತನ್ನನ್ನು ತಾನೇ ಕತ್ತರಿಸಿಕೊಂಡಿತು. ಚೀನಾದ ಸೆನ್ಸಾರ್ ವ್ಯವಸ್ಥೆಯ ಜಾಣತನ ಇರುವುದೇ ಇಲ್ಲಿ. ಗೆರೆ ಎಲ್ಲಿದೆಯೆಂದು ಸರ್ಕಾರ ಹೇಳುವುದಿಲ್ಲ. ದಾಟಿದರೆ ಪರವಾನಗಿ ಹೋಗುತ್ತದೆ ಎಂಬುದನ್ನು ಮಾತ್ರ ತಿಳಿಸಿರುತ್ತದೆ, ಹಾಗಾಗಿ ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆಯೇ ನಿಲ್ಲುವುದು ಎಲ್ಲರಿಗೂ ಅಭ್ಯಾಸವಾಗಿಬಿಡುತ್ತದೆ. ಕಾನೂನನ್ನು ಪಾಲಿಸಿದ್ದೇವೆ ಎಂದು ಕಂಪನಿಗಳು ಹೇಳುವಾಗ ಈ ಅಂಶ ಮರೆಯಾಗುತ್ತದೆ. ಬರೆದಿಡದ ಕಾನೂನನ್ನು ಪಾಲಿಸುವುದು ಹೇಗೆ, ಅದನ್ನು ಊಹಿಸಬಹುದಷ್ಟೆ.

ಗೂಗಲ್‌ನವರ ವಾದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲೂ ಆಗುವುದಿಲ್ಲ. 2002ರ ಸೆಪ್ಟೆಂಬರಿನಲ್ಲಿ ಚೀನಾದಲ್ಲಿ ಗೂಗಲ್ ತಾಣವೇ ಸುಮಾರು ಎರಡು ವಾರ ಸ್ಥಗಿತಗೊಂಡಿತ್ತು. ಅದು ಮತ್ತೆ ತೆರೆದುಕೊಂಡ ಮೇಲೂ ಕಡಲಾಚೆಯಿಂದ ಬರುವ ಪುಟಗಳು ಬೇಲಿಯಲ್ಲಿ ಸೋಸಿಕೊಂಡು ಬರಬೇಕಾಗಿದ್ದರಿಂದ ತಾಣ ತೆವಳುತ್ತಿತ್ತು. ಹತ್ತರಲ್ಲಿ ಒಂದು ಪಾಲು ಸಮಯ ತಾಣ ಸಿಗುತ್ತಲೇ ಇಲ್ಲ, ಚಿತ್ರಗಳ ಹುಡುಕಾಟ ಅರ್ಧ ಸಮಯ ಮಾತ್ರ ಸಿಗುತ್ತದೆ, ಸುದ್ದಿಯ ಪುಟವಂತೂ ಎಂದೂ ಸಿಗುವುದಿಲ್ಲ ಎಂದು ಸಂಸ್ಥೆಯೇ ಹೇಳಿಕೊಂಡಿತ್ತು. ಇತ್ತ 2000ದಲ್ಲಿ ಹುಟ್ಟಿದ ಚೀನಾದ್ದೇ ಸರ್ಚ್ ಎಂಜಿನ್ ಬೈದು ದೇಶದೊಳಗಿನ ಸರ್ವರ್‌ಗಳಿಂದ ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತಿತ್ತು. ಹೀಗಿರುವಾಗ ಹೊರಗೆ ನಿಂತು ಶುದ್ಧವಾಗಿ ಇರುವುದು ಮೇಲೋ, ಒಳಗೆ ಹೋಗಿ ಕೈ ಕೆಸರು ಮಾಡಿಕೊಂಡಾದರೂ ಬಹುಪಾಲು ಮಾಹಿತಿಯನ್ನು ಜನರಿಗೆ ತಲುಪಿಸುವುದು ಮೇಲೋ? ಕೆಡುಕು ಮಾಡಬೇಡ ಎಂಬುದನ್ನು ಧ್ಯೇಯವಾಕ್ಯವಾಗಿ ಇಟ್ಟುಕೊಂಡಿದ್ದ ಸಂಸ್ಥೆಯ ಮುಖ್ಯಸ್ಥ ಎರಿಕ್ ಸ್ಮಿತ್, ತಾವು ಕೆಡುಕಿಗೆ ಒಂದು ಅಳತೆಗೋಲು ಮಾಡಿಕೊಂಡು ನೋಡಿದಾಗ ಚೀನಾಕ್ಕೆ ಹೋಗದೆ ಇರುವುದೇ ದೊಡ್ಡ ಕೆಡುಕು ಎಂದು ಕಂಡುಬಂತು ಎಂಬ ಅರ್ಥದ ಮಾತನಾಡಿದ್ದರು. ಲಾಭದ ತಕ್ಕಡಿಯೂ ಅದೇ ಕಡೆಗೆ ವಾಲುತ್ತಿತ್ತು ಎಂಬುದನ್ನು ನಾವು ಸೇರಿಸಿಕೊಂಡು ಓದಬೇಕು.

ಅವರ ಪರವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಜಿಮೇಲನ್ನೂ ಬ್ಲಾಗರನ್ನೂ ಅವರು ಚೀನಾದೊಳಗಿನ ಸರ್ವರ್‌ಗಳಿಗೆ ಒಯ್ಯಲಿಲ್ಲ, ಏಕೆಂದರೆ ಪಕ್ಕದಲ್ಲೇ ಯಾಹೂ ಮಾಡಿಕೊಂಡ ಅನಾಹುತ ಅವರ ಕಣ್ಣೆದುರಿಗಿತ್ತು. ಹುನಾನ್ ಪ್ರಾಂತ್ಯದ ಪತ್ರಕರ್ತ ಶಿ ತಾವ್ 2004ರ ಏಪ್ರಿಲಿನಲ್ಲಿ, 1989ರಲ್ಲಿ ಪ್ರತಿಭಟನಕಾರರ ಮೇಲೆ ಸೇನೆ ನಡೆಸಿದ ತಿಯಾನನ್ಮೆನ್ ಹತ್ಯಾಕಾಂಡದ ಹದಿನೈದನೆಯ ವರ್ಷದ ಸಂದರ್ಭವನ್ನು ಪತ್ರಿಕೆಗಳು ಹೇಗೆ ನಿಭಾಯಿಸಬೇಕೆಂದು ಬಂದಿದ್ದ ಸರ್ಕಾರಿ ಸೂಚನೆಯ ಸಾರಾಂಶವನ್ನು ತಮ್ಮ ಯಾಹೂ ಖಾತೆಯಿಂದ ಹೊರದೇಶಕ್ಕೆ ಕಳಿಸಿದ್ದರು. ಆ ಖಾತೆಯ ವಿವರವನ್ನು ಯಾಹೂ ಪೊಲೀಸರಿಗೆ ಕೊಟ್ಟಿತು. ಶಿ ತಾವ್ ಅವರಿಗೆ 2005ರಲ್ಲಿ ಹತ್ತು ವರ್ಷದ ಶಿಕ್ಷೆಯಾಯಿತು. ಅವರು ಹೊರಬಂದದ್ದು 2013ರಲ್ಲಿ. 2007ರ ನವೆಂಬರಿನಲ್ಲಿ ಅಮೆರಿಕದ ಸಂಸತ್ ಸಮಿತಿಯ ವಿಚಾರಣೆಯಲ್ಲಿ ಯಾಹೂ ಸ್ಥಾಪಕ ಜೆರ್ರಿ ಯಾಂಗ್ ಅವರು ತಮ್ಮ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಶಿ ತಾವ್ ಅವರ ತಾಯಿಯ ಕಡೆಗೆ ತಿರುಗಿ ತಲೆಬಾಗಿ ನಮಿಸಬೇಕಾಯಿತು. ಫಲಿತಾಂಶವನ್ನು ಮುಚ್ಚಿಡುವುದಕ್ಕೂ ಮನುಷ್ಯನನ್ನು ಹಿಡಿದುಕೊಡುವುದಕ್ಕೂ ಇರುವ ಅಂತರ ದೊಡ್ಡದು. ಆದರೆ ಆ ಅಂತರ ಎಷ್ಟು ದಿನ ಉಳಿದೀತು ಎಂಬುದು ಕಂಪನಿಯೊಂದರ ಕೈಯಲ್ಲೇ ಇರುವುದಿಲ್ಲ. ಹುಡುಕಿದ್ದು ಯಾರು ಎಂಬುದರ ದಾಖಲೆ ಎಲ್ಲಿದೆಯೋ ಅಲ್ಲಿಗೆ ಪೊಲೀಸರು ಒಂದಲ್ಲ ಒಂದು ದಿನ ಬಂದೇ ಬರುತ್ತಾರೆ.

ಇನ್ನು ಆ ಸಾಲು. ಅದು ಚೀನಾದಲ್ಲಿ ಹುಟ್ಟಿದ್ದಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. 2002ರಲ್ಲಿ ಅಮೆರಿಕದಲ್ಲೇ ಸೈಂಟಾಲಜಿ ಪಂಥದವರು ಕೃತಿಸ್ವಾಮ್ಯದ ಹೆಸರಿನಲ್ಲಿ ದೂರು ಕೊಟ್ಟಾಗ ಗೂಗಲ್ ಆ ಪಂಥದ ಟೀಕಾಕಾರರೊಬ್ಬರ ತಾಣದ ಪುಟಗಳನ್ನು ಪಟ್ಟಿಯಿಂದ ತೆಗೆದಿತ್ತು, ಅದರ ವಿರುದ್ಧ ಜನ ಕೂಗಾಡಿದ್ದರು. ಆಗ ಸಂಸ್ಥೆ ಕಂಡುಕೊಂಡ ಉಪಾಯ ಸೊಗಸಾಗಿತ್ತು: ತೆಗೆದದ್ದನ್ನು ಪುಟದ ಕೊನೆಯಲ್ಲಿ ತಿಳಿಸುವುದು, ಬಂದ ದೂರಿನ ಪ್ರತಿಯನ್ನು ಯಾರು ಬೇಕಾದರೂ ಓದುವಂತೆ ವಿಶ್ವವಿದ್ಯಾಲಯಗಳ ನೆರವಿನಲ್ಲಿ ನಡೆಯುತ್ತಿದ್ದ ಒಂದು ಸಾರ್ವಜನಿಕ ಸಂಗ್ರಹಕ್ಕೆ ಕಳಿಸುವುದು. ದೂರಿನಲ್ಲಿ ಯಾವ ಯಾವ ಪುಟಗಳನ್ನು ತೆಗೆಯಬೇಕೆಂದು ವಿಳಾಸ ಸಮೇತ ಬರೆದಿರುತ್ತಿತ್ತಾದ್ದರಿಂದ, ಆಸಕ್ತಿ ಇದ್ದವನು ಅಲ್ಲಿಂದಲೇ ದಾರಿ ಹಿಡಿಯಬಹುದಿತ್ತು. ಅದೇ ವರ್ಷ ಹಾರ್ವರ್ಡ್‌ನ ಇಬ್ಬರು ಸಂಶೋಧಕರು ಜರ್ಮನಿ ಮತ್ತು ಫ್ರಾನ್ಸಿನ ಗೂಗಲ್ ಪುಟಗಳಲ್ಲಿ ನೂರಕ್ಕೂ ಹೆಚ್ಚು ತಾಣಗಳು, ಬಹುಪಾಲು ನಾಜಿ ಪರವಾದವು ಮತ್ತು ಜನಾಂಗದ್ವೇಷದವು, ಸದ್ದಿಲ್ಲದೆ ಕಾಣೆಯಾಗಿರುವುದನ್ನು ತೋರಿಸಿಕೊಟ್ಟರು. ಅಲ್ಲಿ ಆಗಿನ್ನೂ ಆ ಸಾಲು ಬಂದಿರಲಿಲ್ಲ. ಪ್ರಜಾಪ್ರಭುತ್ವಗಳೂ ಸರ್ಚ್ ಎಂಜಿನ್‌ಗಳಿಂದ ಕೆಲಸ ಮಾಡಿಸಿಕೊಳ್ಳುತ್ತವೆ. ಆದ್ದರಿಂದ, ತೆಗೆಯಲೇಬಾರದು ಎಂಬ ನಿಲುವಿಗೆ ಅಂಟಿಕೊಂಡವನು ಜರ್ಮನಿಯ ಕಾನೂನನ್ನೂ ಎದುರಿಸಬೇಕಾಗುತ್ತದೆ. ನಾನು ಆ ನಿಲುವಿನವನಲ್ಲ.

ನನ್ನ ಆಕ್ಷೇಪ ಇರುವುದು ಬೇರೆ ಕಡೆ. ಸರ್ಚ್ ಎಂಜಿನ್ ಮಾಡುವುದು ಪುಸ್ತಕದ ಕೆಲಸವಲ್ಲ, ಕಾರ್ಡಿನ ಕೆಲಸ. ನಾವು ಅದನ್ನು ನಂಬುವುದು ಅದು ಹೇಳಿದ್ದೆಲ್ಲ ನಿಜವೆಂದಲ್ಲ, ಇರುವುದನ್ನು ಇದೆಯೆಂದು ಹೇಳುತ್ತದೆ ಎಂದು. ಅಂಥ ಯಂತ್ರ "ಕೊಡುವುದಿಲ್ಲ" ಎಂದು ಹೇಳಬೇಕಾದ ಕಡೆ "ಇಲ್ಲ" ಎಂದುಬಿಟ್ಟರೆ, ಅದು ಒಂದು ಪುಟವನ್ನು ಮರೆಮಾಡಿದ್ದಷ್ಟೇ ಅಲ್ಲದೆ ಒಂದು ಸುಳ್ಳನ್ನೂ ಹೇಳಿದಂತಾಯಿತು. ಗೂಗಲ್‌ನ ಅಮೆರಿಕದ ಪುಟದಲ್ಲಿ ತಿಯಾನನ್ಮೆನ್ ಎಂದು ಚಿತ್ರ ಹುಡುಕಿದರೆ ಟ್ಯಾಂಕುಗಳ ಸಾಲಿನ ಎದುರು ಕೈಚೀಲ ಹಿಡಿದು ಒಂಟಿಯಾಗಿ ನಿಂತ ಮನುಷ್ಯ ಕಾಣಿಸುತ್ತಿದ್ದ. ಚೀನಾದ ಪುಟದಲ್ಲಿ ಅದೇ ಪದಕ್ಕೆ ಬಿಸಿಲಲ್ಲಿ ನಗುತ್ತ ನಿಂತ ಪ್ರವಾಸಿಗರು, ಕೆಂಪು ಗೋಡೆಯ ಕಟ್ಟಡ. ಎರಡನೆಯ ಪುಟದ ಯಾವ ಚಿತ್ರವೂ ಸುಳ್ಳಲ್ಲ, ಪುಟ ಮಾತ್ರ ಪೂರ್ತಿ ಸುಳ್ಳು. ಅದರ ಅಡಿಯಲ್ಲಿದ್ದ ಆ ಒಂದು ಸಾಲು ಸುಳ್ಳನ್ನು ಸರಿಪಡಿಸುತ್ತಿರಲಿಲ್ಲ, ಆದರೆ ಅದು ಅರ್ಧ ಎಂಬುದನ್ನು ಒಪ್ಪಿಕೊಳ್ಳುತ್ತಿತ್ತು. ಖಾನೆಯಲ್ಲಿ ಕಾರ್ಡನ್ನು ಉಳಿಸಿ ಪುಸ್ತಕವನ್ನು ಬೀರುವಿಗೆ ಸೇರಿಸಿದಂತೆ.

2010ರ ಜನವರಿ 12ರಂದು ಸಂಸ್ಥೆಯ ಕಾನೂನು ಮುಖ್ಯಸ್ಥ ಡೇವಿಡ್ ಡ್ರಮಂಡ್ ಒಂದು ಪ್ರಕಟಣೆ ಬರೆದರು. ಚೀನಾದಿಂದ ಬಂದ ಸೈಬರ್ ದಾಳಿಯಲ್ಲಿ ತಮ್ಮದೂ ಸೇರಿ ಹಲವು ಕಂಪನಿಗಳಿಗೆ ಕನ್ನ ಹಾಕಲಾಗಿದೆ, ದಾಳಿಕೋರರ ಗುರಿಗಳಲ್ಲಿ ಚೀನಾದ ಮಾನವ ಹಕ್ಕು ಹೋರಾಟಗಾರರ ಜಿಮೇಲ್ ಖಾತೆಗಳೂ ಇದ್ದವು, ಇನ್ನು ಮುಂದೆ ಫಲಿತಾಂಶಗಳನ್ನು ಸೆನ್ಸಾರ್ ಮಾಡಲು ತಾವು ಸಿದ್ಧರಿಲ್ಲ ಎಂದು. ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿ ಆರನೆಯ ವಯಸ್ಸಿನಲ್ಲಿ ತಂದೆತಾಯಿಯ ಜೊತೆ ದೇಶ ಬಿಟ್ಟಿದ್ದ ಗೂಗಲ್ ಸಹಸ್ಥಾಪಕ ಸರ್ಗೇ ಬ್ರಿನ್ ಈ ನಿರ್ಧಾರದ ಹಿಂದೆ ಇದ್ದರು. ಬೀಜಿಂಗಿನ ಕಚೇರಿಯ ಮುಂದೆ ಜನ ಹೂವು ತಂದಿಟ್ಟರು. ಕಾವಲುಗಾರರು ಅದನ್ನು "ಅಕ್ರಮ ಪುಷ್ಪಾರ್ಪಣೆ" ಎಂದು ಕರೆದರಂತೆ, ಆ ಮಾತು ಚೀನೀ ಅಂತರಜಾಲದಲ್ಲಿ ನಗೆಚಟಾಕಿಯಾಗಿ ಹರಿದಾಡಿತು. ಮಾರ್ಚ್ 22ರಂದು ಚೀನಾದ ಪುಟಕ್ಕೆ ಬಂದವರನ್ನು ಹಾಂಗ್‌ಕಾಂಗಿನ ಸೆನ್ಸಾರಿಲ್ಲದ ಪುಟಕ್ಕೆ ಕಳಿಸುವ ಏರ್ಪಾಡಾಯಿತು.

ಆದರೆ ಬೇಲಿ ಅಲ್ಲೇ ಇತ್ತು. ಮೊದಲು ಕಂಪನಿ ತೆಗೆಯುತ್ತಿದ್ದುದನ್ನು ಈಗ ಬೇಲಿ ನೇರವಾಗಿ ತಡೆಯತೊಡಗಿತು. ಅಷ್ಟೇ ಅಲ್ಲ, ತಡೆದದ್ದು ತಾನೆಂದು ಅದು ಹೇಳುತ್ತಲೂ ಇರಲಿಲ್ಲ. ಸಂಪರ್ಕ ಕಡಿದುಹೋಗುತ್ತಿತ್ತು, ನೋಡುವವನಿಗೆ ಗೂಗಲ್ ಕೆಟ್ಟಿದೆ ಎನ್ನಿಸುತ್ತಿತ್ತು. 2012ರ ಮೇ ಕೊನೆಯಲ್ಲಿ ಗೂಗಲ್ ಎಂಜಿನಿಯರುಗಳು ಇದಕ್ಕೆ ಹೂಡಿದ ಪ್ರತಿಯುಪಾಯ ನನಗೆ ಇಡೀ ಕಥೆಯಲ್ಲೇ ಬಹಳ ಇಷ್ಟವಾದದ್ದು. ಚೀನಾದಲ್ಲಿ ಅತಿ ಹೆಚ್ಚು ಹುಡುಕಲಾಗುವ 3,50,000 ಪದಗುಚ್ಛಗಳನ್ನು ಪರೀಕ್ಷಿಸಿ, ಯಾವ ಅಕ್ಷರ ಬೇಲಿಯನ್ನು ಕೆರಳಿಸುತ್ತದೆ ಎಂದು ಅವರು ಕಂಡುಕೊಂಡರು. ಉದಾಹರಣೆಗೆ "ಜಿಯಾಂಗ್" ಎಂಬ ಒಂದೇ ಅಕ್ಷರ. ಚೀನೀ ಭಾಷೆಯಲ್ಲಿ ಅದರ ಅರ್ಥ ನದಿ. ಯಾಂಗ್‌ತ್ಸೆ ನದಿಯ ಚೀನೀ ಹೆಸರಿನ ಕೊನೆಯಲ್ಲಿ ಬರುವುದೂ ಅದೇ. ಆದರೆ ಹಿಂದಿನ ಅಧ್ಯಕ್ಷ ಜಿಯಾಂಗ್ ಜೆಮಿನ್ ಅವರ ಮನೆತನದ ಹೆಸರೂ ಅದೇ ಆಗಿದ್ದರಿಂದ, ನದಿಯೆಂದು ಟೈಪು ಮಾಡಿದವನ ಸಂಪರ್ಕ ಒಂದು ನಿಮಿಷದಷ್ಟು ಹೊತ್ತು ಕಡಿದುಹೋಗುತ್ತಿತ್ತು. ಹೊಸ ಏರ್ಪಾಡಿನಲ್ಲಿ ಆ ಅಕ್ಷರವನ್ನು ಟೈಪು ಮಾಡಿದ ಕೂಡಲೇ ಕೆಳಗೊಂದು ಹಳದಿ ಪೆಟ್ಟಿಗೆ ತೆರೆದುಕೊಂಡು, ಈ ಪದವನ್ನು ಹುಡುಕಿದರೆ ನಿಮ್ಮ ಸಂಪರ್ಕ ತಾತ್ಕಾಲಿಕವಾಗಿ ಕಡಿದುಹೋಗಬಹುದು, ಇದು ಗೂಗಲ್‌ನ ಹಿಡಿತದಲ್ಲಿ ಇಲ್ಲದ ಸಂಗತಿ ಎಂದು ಎಚ್ಚರಿಸುತ್ತಿತ್ತು. ಸರ್ಕಾರ ಎಂಬ ಪದವನ್ನೇ ಬಳಸದೆ, ಯಾರನ್ನೂ ದೂರದೆ, ಇಲ್ಲೊಂದು ಬೇಲಿ ಇದೆ ನೋಡಿ ಎಂದು ಬೆರಳು ತೋರಿಸಿದ ರೀತಿ ಅದು. ಬೇಲಿ ಕಟ್ಟಿದವರಿಗೆ ಇದು ಎಷ್ಟು ನಾಟಿತೆಂದರೆ, ಆ ಪೆಟ್ಟಿಗೆಯನ್ನೇ ಅವರು ಅಡ್ಡಗಟ್ಟತೊಡಗಿದರು. ವರ್ಷದ ಕೊನೆಯ ಹೊತ್ತಿಗೆ ಗೂಗಲ್ ಸದ್ದಿಲ್ಲದೆ ಅದನ್ನು ಹಿಂತೆಗೆದುಕೊಂಡಿತು. 2014ರಲ್ಲಿ, ತಿಯಾನನ್ಮೆನ್ ಘಟನೆಯ ಇಪ್ಪತ್ತೈದನೆಯ ವರ್ಷದ ಹೊತ್ತಿಗೆ, ಗೂಗಲ್‌ನ ಹೆಚ್ಚುಕಡಿಮೆ ಎಲ್ಲ ಸೇವೆಗಳೂ ಅಲ್ಲಿ ಬಂದಾದವು.

ಹೊರಟುಹೋದದ್ದರಿಂದ ಚೀನಾದ ಜನಕ್ಕೆ ಏನು ಸಿಕ್ಕಿತು? ಈ ಪ್ರಶ್ನೆಯನ್ನು ನಾನು ಬಹಳ ದಿನ ಕೇಳಿಕೊಂಡೇ ಇರಲಿಲ್ಲ. ಕೇಳುವಂತೆ ಮಾಡಿದ್ದು ವೇ ಜೆಶಿ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯ ಸಾವು. ಅಪರೂಪದ ಕ್ಯಾನ್ಸರಿಗೆ ತುತ್ತಾಗಿದ್ದ ಆ ಹುಡುಗನ ಮನೆಯವರು ಬೈದುವಿನಲ್ಲಿ ಹುಡುಕಿದಾಗ ಮೇಲೆಯೇ ಕಾಣಿಸಿದ ಬೀಜಿಂಗಿನ ಒಂದು ಆಸ್ಪತ್ರೆಗೆ ಹೋಗಿ, ಸಾಲ ಮಾಡಿ, ದುಬಾರಿ ಚಿಕಿತ್ಸೆ ಕೊಡಿಸಿದರು. ಮೇಲೆ ಕಾಣಿಸಿದ್ದಕ್ಕೆ ಕಾರಣ ದುಡ್ಡು; ಅದು ಜಾಹೀರಾತಾಗಿತ್ತು. ಆ ಚಿಕಿತ್ಸಾಕ್ರಮವನ್ನು ಹೊರದೇಶಗಳಲ್ಲಿ ಆಗಲೇ ಕೈಬಿಟ್ಟಿದ್ದರು ಎಂಬುದು ಅವನಿಗೆ ತಡವಾಗಿ, ಅಮೆರಿಕದಲ್ಲಿದ್ದ ಚೀನೀ ವಿದ್ಯಾರ್ಥಿಯೊಬ್ಬರ ನೆರವಿನಿಂದ ತಿಳಿಯಿತು. 2016ರ ಏಪ್ರಿಲಿನಲ್ಲಿ ಅವನು ತೀರಿಕೊಂಡ. ಗೂಗಲ್ ಅಲ್ಲೇ ಉಳಿದಿದ್ದರೆ, ತಿಯಾನನ್ಮೆನ್ ಬಗ್ಗೆ ಬಾಯಿ ಮುಚ್ಚಿಕೊಂಡಾದರೂ ಕ್ಯಾನ್ಸರಿನ ಬಗ್ಗೆ ನೆಟ್ಟಗೆ ಉತ್ತರ ಕೊಡುತ್ತಿದ್ದರೆ, ಆ ಕುಟುಂಬದ ಕಥೆ ಬೇರೆಯಾಗುತ್ತಿತ್ತೋ ಏನೋ. ಚೀನಾದಲ್ಲಿ ಅನೇಕರು ಆಗ ಹೀಗೆಯೇ ಬರೆದರು. ದೂರದಲ್ಲಿ ಕುಳಿತು ತತ್ವದ ಮಾತಾಡುವ ನನ್ನಂಥವರು ಈ ಸಾವಿನ ಎದುರು ಸ್ವಲ್ಪ ಹೊತ್ತು ಸುಮ್ಮನಿರುವುದು ಒಳ್ಳೆಯದು.

ಹಾಗಾದರೆ ಹಿಂದಿರುಗುವುದು ಸರಿಯೇ? ಗೂಗಲ್ ಒಳಗಿಂದೊಳಗೇ ಅದಕ್ಕೆ ತಯಾರಿ ನಡೆಸಿತ್ತು. 2018ರ ಆಗಸ್ಟಿನಲ್ಲಿ ದಿ ಇಂಟರ್‌ಸೆಪ್ಟ್ ಪತ್ರಿಕೆ ಡ್ರ್ಯಾಗನ್‌ಫ್ಲೈ ಎಂಬ ಗುಪ್ತ ಯೋಜನೆಯನ್ನು ಬಯಲು ಮಾಡಿತು: ಚೀನಾಕ್ಕೆಂದು ಆಂಡ್ರಾಯ್ಡ್ ಆ್ಯಪ್, ಅದಕ್ಕೊಂದು ಕಪ್ಪುಪಟ್ಟಿ. ಸುಮಾರು 1,400 ಉದ್ಯೋಗಿಗಳು ತಾವು ಏನನ್ನು ಕಟ್ಟುತ್ತಿದ್ದೇವೆ ಎಂಬುದನ್ನು ತಿಳಿಯುವ ಹಕ್ಕು ತಮಗಿದೆ ಎಂದು ಪತ್ರಕ್ಕೆ ಸಹಿ ಹಾಕಿದರು. ಜ್ಯಾಕ್ ಪೌಲ್ಸನ್ ಎಂಬ ಹಿರಿಯ ಸಂಶೋಧಕರು ರಾಜೀನಾಮೆ ಕೊಟ್ಟರು. ನನ್ನ ವಾದಕ್ಕೆ ಇಲ್ಲಿ ಒಂದು ತೊಡಕಿದೆ. ವರದಿಗಳ ಪ್ರಕಾರ, ಕೆಲವು ಫಲಿತಾಂಶಗಳನ್ನು ತೆಗೆದಿರಬಹುದು ಎಂದು ತಿಳಿಸುವ ಸಾಲು ಈ ಆ್ಯಪ್‌ನಲ್ಲೂ ಇರುವುದಿತ್ತು. ಆದರೆ ಹುಡುಕಾಟವನ್ನು ಹುಡುಕಿದವರ ಫೋನ್ ನಂಬರಿಗೆ ಗಂಟು ಹಾಕುವ ಮಾದರಿಯೂ ಸಿದ್ಧವಾಗಿತ್ತು. ಏನನ್ನು ಕೇಳಿದೆ ಎಂಬುದೇ ಅಪರಾಧದ ದಾಖಲೆಯಾಗುವ ಕಡೆ, ನಿನಗೆ ಪೂರ್ತಿ ಕೊಟ್ಟಿಲ್ಲ ಎಂಬ ಪ್ರಾಮಾಣಿಕತೆಯಿಂದ ಯಾರಿಗೆ ಏನು ಉಪಯೋಗ? 2006ರಲ್ಲಿ ಆ ಸಾಲಿಗಿದ್ದ ತೂಕ 2018ರ ಹೊತ್ತಿಗೆ ಉಳಿದಿರಲಿಲ್ಲ. ಸಾಲು ಬದಲಾಗದಿದ್ದರೂ ಅದರ ಸುತ್ತಲಿನ ದೇಶ ಬದಲಾಗಿತ್ತು.

ಸುಂದರ್ ಪಿಚೈ ಆ ವರ್ಷದ ಅಕ್ಟೋಬರಿನಲ್ಲಿ, ತಮ್ಮ ಪರೀಕ್ಷೆಯಲ್ಲಿ ಶೇ. 99ಕ್ಕೂ ಹೆಚ್ಚು ಹುಡುಕಾಟಗಳಿಗೆ ಉತ್ತರ ಕೊಡಲು ಸಾಧ್ಯವೆಂದು ಕಂಡುಬಂದಿದೆ ಎಂದು ಹೇಳಿದರು. ಲೆಕ್ಕ ಸರಿಯಿರಬಹುದು. ಹವಾಮಾನ, ಕ್ರಿಕೆಟ್ ಸ್ಕೋರು, ತಲೆಹೊಟ್ಟಿಗೆ ಮನೆಮದ್ದು, ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲು: ನಾನು ಹುಡುಕುವುದರಲ್ಲೂ ಶೇ. 99 ಇಂಥದ್ದೇ, ಇದನ್ನು ಯಾವ ಸರ್ಕಾರವೂ ತಡೆಯುವುದಿಲ್ಲ. ನೂರಕ್ಕೊಂದರ ಲೆಕ್ಕದಲ್ಲಿ ಉಳಿಯುವುದು ಜೈಲಿಗೆ ಹೋದವನ ಹೆಸರು, ಮುಚ್ಚಿಹಾಕಿದ ಕಾಯಿಲೆ, ಗುಂಡು ಹಾರಿದ ಚೌಕ. ಕೊಡದಲ್ಲಿ ತೂತು ಎಷ್ಟು ಅಗಲವಿದೆ ಎಂದು ಅಳೆದು ಉಳಿದದ್ದೆಲ್ಲ ಗಟ್ಟಿಯಿದೆ ಎಂದಂತಾಯಿತು ಆ ಲೆಕ್ಕ. 2019ರ ಜುಲೈನಲ್ಲಿ ಯೋಜನೆಯನ್ನು ಕೈಬಿಟ್ಟಿದ್ದೇವೆ ಎಂದು ಸಂಸ್ಥೆ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹೇಳಿತು.

ಮೈಕ್ರೋಸಾಫ್ಟ್ ಮಾತ್ರ ಚೀನಾ ಬಿಟ್ಟು ಹೊರಡಲಿಲ್ಲ. 2021ರ ಜೂನ್ 4ರಂದು, ತಿಯಾನನ್ಮೆನ್ ಘಟನೆಯ ವರ್ಷದ ದಿನವೇ, ಅದರ ಸರ್ಚ್ ಎಂಜಿನ್ ಬಿಂಗ್‌ನಲ್ಲಿ ಟ್ಯಾಂಕಿನ ಎದುರು ನಿಂತ ಮನುಷ್ಯನ ಚಿತ್ರ ಹುಡುಕಿದರೆ ಅಮೆರಿಕ, ಜರ್ಮನಿ, ಸಿಂಗಾಪುರದಂಥ ಕಡೆಗಳಲ್ಲೂ ಏನೂ ಸಿಗಲಿಲ್ಲ. ಯಾರದೋ ಕೈತಪ್ಪಿನಿಂದ ಹಾಗಾಯಿತು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ನಂಬೋಣ. ಆದರೆ ಕೈತಪ್ಪುವುದಕ್ಕೆ ಅಲ್ಲೊಂದು ಗುಂಡಿ ಮೊದಲೇ ಇರಬೇಕಷ್ಟೆ. ಒಂದು ದೇಶಕ್ಕೆಂದು ಕಟ್ಟಿದ ಜರಡಿ ಅದೇ ಯಂತ್ರದೊಳಗೆ ಕುಳಿತಿರುತ್ತದೆ, ಅದರ ಗಡಿಗೆ ಪಾಸ್‌ಪೋರ್ಟ್ ಇರುವುದಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಸಂಸ್ಥೆ 2023ರಲ್ಲಿ ಚೀನಾದಲ್ಲಿ ಬಳಕೆಯಲ್ಲಿರುವ ಹುಡುಕು ಸೇವೆಗಳನ್ನು ಹೋಲಿಸಿ ನೋಡಿದಾಗ, ರಾಜಕೀಯ ವಿಷಯಗಳಲ್ಲಿ ಬಿಂಗ್‌ನ ಸೆನ್ಸಾರ್ ನಿಯಮಗಳು ಬೈದುವಿನದಕ್ಕಿಂತ ಹೆಚ್ಚು ವಿಸ್ತಾರವಾಗಿದ್ದವು. ಹೊರಗಿನವನು ಒಳಗಿನವನಿಗಿಂತ ಹೆಚ್ಚು ಹೆದರುತ್ತಾನೆ. ಮನೆಯ ಮಗನಿಗಿಂತ ಹೊಸ ಅಳಿಯ ಹೆಚ್ಚು ಬಗ್ಗಿ ನಡೆಯುವಂತೆ. ಒಳಗೆ ಹೋದರೆ ಒಳ್ಳೆಯದನ್ನು ತಲುಪಿಸುತ್ತೇವೆ ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಉತ್ತರವನ್ನು ನಾನು ಕಂಡಿಲ್ಲ.

ಚೀನಾದ ಕಡೆ ಬೆರಳು ತೋರಿಸಿ ಕುಳಿತುಕೊಳ್ಳುವಷ್ಟು ನಿರಾಳ ನಮಗೂ ಇಲ್ಲ. 2021ರ ಜೂನ್ 3, ಲಾಕ್‌ಡೌನ್ ಕಾಲ. ಭಾರತದ ಅತಿ ಕುರೂಪ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಕನ್ನಡ ಎನ್ನುತ್ತಿದೆ ಎಂಬ ಸ್ಕ್ರೀನ್‌ಶಾಟ್ ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿಗೂ ಬಂತು. ಚಿಕ್ಕಮ್ಮ ಅದರ ಕೆಳಗೆ, "ಇದನ್ನ ತೆಗೆಸೋರು ಯಾರೂ ಇಲ್ವೇನೋ?" ಎಂದು ಬರೆದರು. ನನಗೂ ರಕ್ತ ಕುದಿದಿತ್ತು. ಸಂಜೆಯೊಳಗೆ ಆ ಉತ್ತರ ಮಾಯವಾಯಿತು, ಗೂಗಲ್ ಕ್ಷಮೆ ಕೇಳಿತು, ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ನೋಟಿಸು ಕೊಡುವ ಮಾತಾಡಿದರು, ನಾನು ಖುಷಿಪಟ್ಟೆ. ಆಮೇಲೆ ಕುಳಿತು ಯೋಚಿಸಿದಾಗ, ತೆಗೆಸಬೇಕು ಎಂಬ ಆಸೆ ಎಷ್ಟು ಸಹಜವಾಗಿ ಬರುತ್ತದೆ, ಅದು ಬಂದಾಗ ಸೆನ್ಸಾರ್ ಎಂಬ ಹೆಸರು ಎಷ್ಟು ದೂರ ಉಳಿಯುತ್ತದೆ ಎಂದು ನನಗೇ ಸೋಜಿಗವಾಯಿತು. ನನ್ನ ಸಮರ್ಥನೆ ಹೀಗಿದೆ: ಅಲ್ಲಿ ಗೂಗಲ್ ಯಾರದೋ ತಾಣವನ್ನು ತೋರಿಸಿ ಸುಮ್ಮನಿರಲಿಲ್ಲ, ಯಾರೋ ಎಲ್ಲೋ ಗೀಚಿದ ಸಾಲನ್ನು ಎತ್ತಿ ಪುಟದ ನೆತ್ತಿಯ ಮೇಲೆ ತನ್ನದೇ ಉತ್ತರವೆಂಬಂತೆ ಇಟ್ಟಿತ್ತು, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಬೇರೆ, ಇನ್ನೊಬ್ಬನ ಬಾಯಿ ಮುಚ್ಚುವುದು ಬೇರೆ. ಈ ಸಮರ್ಥನೆ ಗಟ್ಟಿಯಾಗಿದೆ ಎಂದೇ ನಂಬಿದ್ದೇನೆ. ಆದರೆ ಅದು ನನಗೆ ಹೊಳೆದದ್ದು ಖುಷಿಪಟ್ಟ ನಂತರ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಮ್ಮಲ್ಲಿ ಸರ್ಚ್ ಎಂಜಿನ್‌ಗಳ ಮೇಲೆಯೇ ನೇರವಾಗಿ ನಡೆದ ದೊಡ್ಡ ಮೊಕದ್ದಮೆ ಭ್ರೂಣಲಿಂಗ ಪತ್ತೆಯದು. ಮಕ್ಕಳ ಲಿಂಗಾನುಪಾತ 1991ರಲ್ಲಿ ಸಾವಿರ ಗಂಡುಮಕ್ಕಳಿಗೆ 945 ಇದ್ದದ್ದು 2001ಕ್ಕೆ 927ಕ್ಕೆ ಇಳಿದಿತ್ತು. ಭ್ರೂಣದ ಲಿಂಗ ಪತ್ತೆಯ ಜಾಹೀರಾತನ್ನು ನಿಷೇಧಿಸುವ 1994ರ ಕಾಯ್ದೆಯಿದ್ದರೂ ಅಂತರಜಾಲದಲ್ಲಿ ಅಂಥ ಜಾಹೀರಾತುಗಳು ಬರುತ್ತಿವೆ ಎಂದು ಸಾಬು ಮ್ಯಾಥ್ಯೂ ಜಾರ್ಜ್ ಎಂಬ ಹೋರಾಟಗಾರರು 2008ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2016ರ ಸೆಪ್ಟೆಂಬರಿನಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸುಮಾರು 40 ಪದಗುಚ್ಛಗಳನ್ನು ಸ್ವಯಂಚಾಲಿತವಾಗಿ ತಡೆಯಲು ಒಪ್ಪಿದವು. ಪದವನ್ನು ತಡೆಯುವುದು ಒರಟು ಕೆಲಸ; ಅದೇ ಪದವನ್ನು ಕಾನೂನಿನ ವಿದ್ಯಾರ್ಥಿನಿಯೂ ಟೈಪು ಮಾಡುತ್ತಾಳೆ, ಹೆಣ್ಣುಮಗು ಬೇಡವೆನ್ನುವ ಮನೆಯವರಿಂದ ಸೊಸೆಯನ್ನು ಉಳಿಸಲು ಹೊರಟ ಕಾರ್ಯಕರ್ತೆಯೂ ಟೈಪು ಮಾಡುತ್ತಾಳೆ. ಹಾಗಿದ್ದರೂ ನಾನು ಈ ಪ್ರಕರಣವನ್ನು ಚೀನಾದ ಪಕ್ಕದಲ್ಲಿ ಇಡುವುದಿಲ್ಲ. ಕೇಳಿದವರು ಯಾರೆಂದು ಗೊತ್ತಿತ್ತು, ಯಾವ ಕಾಯ್ದೆಯ ಯಾವ ಕಲಮು ಎಂದು ಗೊತ್ತಿತ್ತು, ಬಾಗಿಲು ತೆರೆದ ಕೋರ್ಟಿನಲ್ಲಿ ಕಂಪನಿಗಳ ವಕೀಲರು ಎದ್ದು ನಿಂತು ಎದುರುವಾದ ಮಾಡಿದ್ದರು, ಆದೇಶವನ್ನು ನಾನು ಮನೆಯಲ್ಲಿ ಕುಳಿತು ಓದಬಹುದಿತ್ತು.

ನನ್ನ ಅಳುಕು ಇರುವುದು ಇನ್ನೊಂದು ದಾರಿಯ ಬಗ್ಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಕೇಂದ್ರ ಸರ್ಕಾರ ಅಂತರಜಾಲದ ಯಾವುದೇ ಮಾಹಿತಿಯನ್ನು ತಡೆಯಲು ಆದೇಶಿಸಬಹುದು. ಕಾರಣವನ್ನು ಲಿಖಿತವಾಗಿ ದಾಖಲಿಸಬೇಕೆಂದು ಕಲಮು ಹೇಳುತ್ತದೆ. ಬಂದ ಮನವಿ ಮತ್ತು ಕೈಗೊಂಡ ಕ್ರಮವನ್ನು ಗುಟ್ಟಾಗಿ ಇಡಬೇಕೆಂದು 2009ರ ನಿಯಮಗಳಲ್ಲಿ ಹದಿನಾರನೆಯದು ಹೇಳುತ್ತದೆ. ಬರೆದಿಡು, ಆದರೆ ತೋರಿಸಬೇಡ. ಇಂಥ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಬಂದದ್ದು ನಮ್ಮ ಕರ್ನಾಟಕ ಹೈಕೋರ್ಟಿಗೇ. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, ಜೊತೆಗೆ 50 ಲಕ್ಷ ರೂಪಾಯಿ ದಂಡ. ಮಾಹಿತಿ ತೆಗೆಯಿರಿ ಎಂದು ಕಂಪನಿಗಳಿಗೆ ತಿಳಿಸಲು ಕೇಂದ್ರ ಸರ್ಕಾರ ಮಾಡಿದ ಸಹಯೋಗ್ ಪೋರ್ಟಲ್ ಮೂಲಕ ಹೋಗುವ ಸೂಚನೆಗಳ ವಿರುದ್ಧ ಎಕ್ಸ್ ಎಂಬ ಹೊಸ ಹೆಸರಿನಲ್ಲಿ ಅದೇ ಕಂಪನಿ ತಂದ ಇನ್ನೊಂದು ಅರ್ಜಿಯೂ 2025ರ ಸೆಪ್ಟೆಂಬರಿನಲ್ಲಿ ಅಲ್ಲೇ ವಜಾ ಆಯಿತು. ಇವು ಸರ್ಚ್ ಎಂಜಿನ್‌ಗಳ ಮೊಕದ್ದಮೆಗಳಲ್ಲ ನಿಜ, ಆದರೆ 69ಎ ಕಲಮು ಸರ್ಚ್ ಎಂಜಿನ್ನನ್ನು ಹೊರಗಿಟ್ಟಿಲ್ಲ. ವಿದೇಶಿ ಕಂಪನಿಯೊಂದು ನೆಲದ ಕಾನೂನಿಗೆ ತಲೆಬಾಗಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ತೆಗೆದದ್ದು ಏನು ಎಂಬುದು ನೆಲದವನಿಗೇ ಗೊತ್ತಾಗಬಾರದು ಎಂಬ ನಿಯಮದಲ್ಲಿ ಇದೆ. ಹದಿನಾರನೆಯ ನಿಯಮವನ್ನು ಅಕ್ಷರಶಃ ಪಾಲಿಸುವ ಯಂತ್ರ, ಪುಟದ ಕೊನೆಯಲ್ಲಿ ಆ ಒಂದು ಸಾಲನ್ನೂ ಬರೆಯುವಂತಿಲ್ಲವೇನೋ.

ಕಳೆದ ವರ್ಷ ಊರಿಗೆ ಹೋದಾಗ ಗ್ರಂಥಾಲಯಕ್ಕೆ ಹೋಗಿದ್ದೆ. ಕಾರ್ಡುಗಳ ಕಪಾಟು ಇಲ್ಲ. ಅದಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕಂಪ್ಯೂಟರ್. ಆ ಕಾದಂಬರಿಯ ಹೆಸರನ್ನು ಟೈಪು ಮಾಡಿದೆ. ಯಾವುದೇ ದಾಖಲೆ ಲಭ್ಯವಿಲ್ಲ ಎಂದು ಬಂತು. ಬೀರುವಿನ ಕಡೆ ನನ್ನ ಕಣ್ಣು ಹೋದದ್ದನ್ನು ಎದುರಿಗಿದ್ದ ಹುಡುಗಿ ಗಮನಿಸಿರಬೇಕು. "ಅದರಲ್ಲಿ ಇನ್ನೂ ಅರ್ಧ ಪುಸ್ತಕ ಎಂಟ್ರಿ ಆಗಿಲ್ಲ ಸರ್, ಒಳಗೆ ಹೋಗಿ ರ‍್ಯಾಕ್ ನೋಡಿಬಿಡಿ" ಎಂದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.